ಲೈಸೆನ್ಸ್ ಫೈಲಿನ ಮೊದಲ ಸಾಲು

ನನ್ನ ತಲೆಯ ಮೇಲೆ ನನಗೆ ಮೊದಲಿನಿಂದಲೂ ಅಷ್ಟಾಗಿ ನಂಬಿಕೆಯಿಲ್ಲ. ನಂಬಿಕೆ ಇರುವುದೆಲ್ಲ ಕೈಗಳ ಮೇಲೆ. ಎಸ್ಸೆಸ್ಸೆಲ್ಸಿ ಪಾಸು ಮಾಡಲು ನನ್ನ ತಲೆ ಇಪ್ಪತ್ತೊಂಬತ್ತು ವರ್ಷ ತೆಗೆದುಕೊಂಡಿತು. ಅಷ್ಟರೊಳಗೆ ಕೈಗಳು ಸೈಕಲ್ ಬಿಚ್ಚಿ ಜೋಡಿಸುವುದು, ರೇಡಿಯೋಗೆ ಏರಿಯಲ್ ಕಟ್ಟುವುದು, ಹಾಳೆಯ ಮೇಲೆ ಹಾಳೆ ಇಟ್ಟು ಕೂದಲೆಳೆಯೂ ಆಚೀಚೆ ಆಗದಂತೆ ನಕ್ಷೆಯ ಪ್ರತಿ ತೆಗೆಯುವುದು, ಎಲ್ಲವನ್ನೂ ಕಲಿತು ಮುಗಿಸಿದ್ದವು. ಹಾಗಾಗಿ ಯಾವ ಕೆಲಸ ಬಂದರೂ ನಾನು ತಲೆಯನ್ನು ಕೇಳದೆ ನೇರವಾಗಿ ಕೈಗೆ ಒಪ್ಪಿಸಿಬಿಡುತ್ತೇನೆ. ಕೈ ಕೂಡ ತಲೆಯನ್ನು ಕೇಳುವುದಿಲ್ಲ. ಈ ಏರ್ಪಾಡು ನಲವತ್ತು ವರ್ಷ ಚೆನ್ನಾಗಿಯೇ ನಡೆಯಿತು. ಕೆಟ್ಟಿದ್ದು ಒಂದೇ ಸಲ. ಆ ಒಂದು ಸಲದ ಕಥೆ ಇದು.

ಭದ್ರಾವತಿಯಲ್ಲಿ ಒಂದು ಎರಕದ ಕಾರ್ಖಾನೆಯ ಡ್ರಾಯಿಂಗ್ ಸೆಕ್ಷನ್ನಿನಲ್ಲಿ ನನಗೆ ಕೆಲಸ. ಮನೆ ಶಿವಮೊಗ್ಗದ ರವೀಂದ್ರನಗರದಲ್ಲಿ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಸೇರಿದ್ದು ಟ್ರೇಸರ್ ಆಗಿ, ಅಂದರೆ ಇಂಜಿನಿಯರು ಬರೆದ ನಕ್ಷೆಯ ಮೇಲೆ ತೆಳುಹಾಳೆ ಇಟ್ಟು ಇಂಕಿನಲ್ಲಿ ತಿದ್ದುವವನು. ಆಮೇಲೆ ನಕ್ಷೆಯ ಪ್ರತಿ ತೆಗೆಯುವ ಅಮೋನಿಯಾ ರೂಮಿಗೆ ಹಾಕಿದರು. ಅಲ್ಲಿ ಹನ್ನೊಂದು ವರ್ಷ ಇದ್ದೆ. ಅಮೋನಿಯಾ ಕಣ್ಣಿಗೆ ಹೊಡೆದರೆ ನೀರು ಇಳಿಯುತ್ತದೆ. ಹೊಸಬರು ಯಾರಾದರೂ ರೂಮಿಗೆ ಬಂದರೆ, ಕಣ್ಣೀರು ಸುರಿಸುತ್ತ ನಿಂತಿರುವ ನನ್ನನ್ನು ನೋಡಿ, ಮನೆಯಲ್ಲಿ ಏನೋ ಆಗಿರಬೇಕು ಎಂದುಕೊಂಡು ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿ ಹೋಗುತ್ತಿದ್ದರು. ನಾನೂ ಬೇಡ ಅನ್ನುತ್ತಿರಲಿಲ್ಲ. ಬಸ್ಸಿನಲ್ಲಿ ನನ್ನ ಅಂಗಿಯ ವಾಸನೆಗೆ ಪಕ್ಕದ ಸೀಟು ಎಷ್ಟು ರಶ್ ಇದ್ದರೂ ಖಾಲಿ. ಹೆಂಡತಿ ಗಿರಿಜ ಒಲೆ ಮುಂದೆ ಕೂತಿದ್ದರೂ, ನಾನು ರಸ್ತೆ ತಿರುವಿನಲ್ಲಿ ಬರುತ್ತಿರುವಾಗಲೇ ಕಾಫಿಗೆ ನೀರಿಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಸೆಕ್ಷನ್ನಿಗೆ ಒಂದು ಕಂಪ್ಯೂಟರ್ ಬಂತು. ನಕ್ಷೆ ಬರೆಯುವ ಕಂಪ್ಯೂಟರ್. ಅದರೊಳಗೆ ಇದ್ದದ್ದು ಯುನಿಕ್ಸ್ ಎಂಬ ವ್ಯವಸ್ಥೆ. ಡಿಪ್ಲೊಮಾ ಮಾಡಿದ ಇಬ್ಬರು ಬಂದು ಕೆಲವು ತಿಂಗಳು ನೋಡಿದರು. ಕಪ್ಪು ಪರದೆ, ಅದರಲ್ಲಿ ಮಿಣಮಿಣ ಅನ್ನುವ ಒಂದು ಗೆರೆ. ಏನು ಟೈಪ್ ಮಾಡಬೇಕು ಎಂದು ಅದು ಹೇಳುವುದಿಲ್ಲ, ಮಾಡಿದ್ದು ಸರಿಯೇ ಎಂದೂ ಹೇಳುವುದಿಲ್ಲ. ಇಬ್ಬರೂ ಬೇರೆ ಸೆಕ್ಷನ್ನಿಗೆ ವರ್ಗ ಕೇಳಿಕೊಂಡು ಹೋದರು. ನಮ್ಮ ಮ್ಯಾನೇಜರ್ ಹೆಗ್ಡೆ ಸಾಹೇಬರು ಬೇರೆ ದಾರಿ ಕಾಣದೆ ನನ್ನನ್ನು ಕರೆದರು.

"ರುದ್ರಪ್ಪ, ನಿಮಗೆ ತಾಳ್ಮೆ ಇದೆ. ಆರು ತಿಂಗಳು ಕೂತು ನೋಡಿ. ನಡೆಸಿದ್ರೆ ಸಿಸ್ಟಮ್ ಇನ್‌ಚಾರ್ಜ್ ಅಂತ ಆರ್ಡರ್ ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಅಮೋನಿಯಾ ರೂಮ್ ಎಲ್ಲಿಗೂ ಹೋಗಲ್ಲ, ಅಲ್ಲೇ ಇರುತ್ತೆ."

ಯುನಿಕ್ಸಿಗೂ ನನಗೂ ಹೊಂದಿಕೊಳ್ಳಲು ಕಷ್ಟವಾಗಲಿಲ್ಲ. ಅದರ ಸ್ವಭಾವ ಥೇಟ್ ನನ್ನ ಮಾವನವರದು. ಹೇಳಿದ ಕೆಲಸ ಸರಿಯಾಗಿ ಮಾಡಿದರೆ ಒಂದು ಮಾತಿಲ್ಲ, ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ತಪ್ಪಾದರೆ ಮಾತ್ರ ಬಾಯಿ ಬಿಡುತ್ತದೆ, ಅದೂ ಒಂದೇ ವಾಕ್ಯ. ಆ ವಾಕ್ಯದಲ್ಲಿ ತಪ್ಪಾಗಿದೆ ಎಂಬುದಿರುತ್ತದೆಯೇ ಹೊರತು ಏನು ತಪ್ಪು ಎಂಬುದಿರುವುದಿಲ್ಲ. ಹದಿನೈದು ವರ್ಷ ಅಂಥವರ ಅಳಿಯನಾಗಿದ್ದವನಿಗೆ ಒಂದು ಕಂಪ್ಯೂಟರ್ ಏನು ಮಹಾ. ಏಸಿ ರೂಮು ಬೇರೆ. ಒಂದು ತಿಂಗಳಲ್ಲಿ ನನ್ನ ಅಂಗಿಯ ವಾಸನೆ ಹೋಯಿತು. ಎರಡನೇ ತಿಂಗಳು ಬಸ್ಸಿನಲ್ಲಿ ಒಬ್ಬರು ತಾವಾಗಿಯೇ ಬಂದು ನನ್ನ ಪಕ್ಕ ಕೂತರು. ಆ ದಿನ ನಾನು ಮನೆಗೆ ಸಿಹಿ ತಂದೆ.

ತೊಂದರೆ ಶುರುವಾಗಿದ್ದು ಐದನೇ ತಿಂಗಳಲ್ಲಿ, ಲೈಸೆನ್ಸ್ ರೂಪದಲ್ಲಿ. ಲೈಸೆನ್ಸ್ ಎಂದರೆ ನನಗೆ ಗೊತ್ತಿದ್ದದ್ದು ನಮ್ಮಪ್ಪನ ರೇಡಿಯೋ ಲೈಸೆನ್ಸ್. ಆಗೆಲ್ಲ ರೇಡಿಯೋ ಇಟ್ಟುಕೊಳ್ಳಲಿಕ್ಕೂ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು, ಪಾಸ್‌ಬುಕ್ಕಿನಂಥ ಒಂದು ಪುಸ್ತಕ ಕೊಡುತ್ತಿದ್ದರು. ಅಪ್ಪ ಒಂದು ವರ್ಷ ಅದನ್ನು ಹೊಸದು ಮಾಡಿಸಲು ಮರೆತು, ಇನ್ಸ್‌ಪೆಕ್ಟರು ಬರುತ್ತಾರಂತೆ ಎಂದು ಕೋಟೆ ಬೀದಿಯಲ್ಲಿ ಯಾರೋ ಹೇಳಿದ್ದೇ ತಡ, ರೇಡಿಯೋವನ್ನು ಅಕ್ಕಿ ಡಬ್ಬದೊಳಗೆ ಇಳಿಸಿದ್ದರು. ಅವಸರದಲ್ಲಿ ಆಫ್ ಮಾಡಲಿಲ್ಲ. ಮೂರು ದಿನ ನಮ್ಮ ಮನೆಯ ಅಕ್ಕಿ ಡಬ್ಬ ಪ್ರದೇಶ ಸಮಾಚಾರ ಓದಿತು. ಇನ್ಸ್‌ಪೆಕ್ಟರು ಬರಲೇ ಇಲ್ಲ. ಕಂಪ್ಯೂಟರಿನಲ್ಲಿ ಈ ಸೌಕರ್ಯವಿಲ್ಲ. ಅದರೊಳಗೆ ಕಾರ್ಖಾನೆಯ ಗೇಟಿನ ವಾಚ್‌ಮನ್ನಿನಂಥ ಒಂದು ಸಣ್ಣ ಪ್ರೋಗ್ರಾಂ ಸದಾ ಕೂತಿರುತ್ತದೆ. ನಕ್ಷೆಯ ಸಾಫ್ಟ್‌ವೇರ್ ತೆರೆಯಲು ಹೋದರೆ, ಅದು ಮೊದಲು ಲೈಸೆನ್ಸ್ ಎಂಬ ಒಂದು ಫೈಲನ್ನು ತೆಗೆದು ಓದುತ್ತದೆ. ಈ ಮಷಿನ್ನಿನ ಹೆಸರು, ನಂಬರು, ಅವಧಿ, ಕೊನೆಗೆ ಅರ್ಥವಿಲ್ಲದ ಉದ್ದುದ್ದ ಅಕ್ಷರ ಅಂಕಿಗಳ ಮಾಲೆ. ಎಲ್ಲ ಸರಿಯಿದ್ದರೆ ಒಳಗೆ ಬಿಡುತ್ತದೆ. ಒಂದು ಚುಕ್ಕೆ ಹೆಚ್ಚುಕಮ್ಮಿಯಾದರೂ ಗೇಟು ಬಂದ್. ವರ್ಷ ತುಂಬಿದರೆ ಹೊಸ ಫೈಲು ಹಾಕಬೇಕು.

ವರ್ಷ ತುಂಬಿತು. ಒಂದು ಬುಧವಾರ ಸಂಜೆ ಗೇಟು ಬಿತ್ತು. ಒಳಗೆ ಸಿಕ್ಕಿಕೊಂಡಿದ್ದು ಒಂದು ಸಕ್ಕರೆ ಕಾರ್ಖಾನೆಯ ರೋಲರಿನ ನಕ್ಷೆ. ಸೋಮವಾರ ಎರಕಕ್ಕೆ ಅಚ್ಚು ಮಾಡುವ ಅಚ್ಚಿನ ವಿಭಾಗದವರು ಕೆಲಸ ಶುರು ಮಾಡಬೇಕಿತ್ತು. ಬೆಂಗಳೂರಿನ ಡೀಲರು ಫ್ಲಾಪಿಯಲ್ಲಿ ಕಳಿಸಿದರೆ ವಾರ ಹಿಡಿಯುತ್ತದೆ ಎಂದು ಹೊಸ ಲೈಸೆನ್ಸನ್ನು ಫ್ಯಾಕ್ಸ್ ಮಾಡಿದರು. ಒಂದು ಪುಟ. ಅದನ್ನು ನೋಡಿಕೊಂಡು ಟೈಪ್ ಮಾಡಿ ಫೈಲು ಮಾಡುವುದು ನನ್ನ ಕೆಲಸ. ಹಿಂದಿನ ವರ್ಷ ಇದನ್ನು ಡೀಲರ ಕಡೆಯ ಇಂಜಿನಿಯರೇ ಬಂದು ಹಾಕಿ ಹೋಗಿದ್ದರಂತೆ.

ಹೆಗ್ಡೆ ಸಾಹೇಬರು ಫ್ಯಾಕ್ಸ್ ಹಾಳೆಯನ್ನು ನನ್ನ ಕೈಗೆ ಕೊಡುತ್ತ, "ರುದ್ರಪ್ಪ, ಇದೇ ನಿಮ್ಮ ಪರೀಕ್ಷೆ ಅಂದ್ಕೊಳ್ಳಿ. ಸೋಮವಾರ ಬೆಳಿಗ್ಗೆ ಮಷಿನ್ ತೆಗೀಲಿಲ್ಲ ಅಂದ್ರೆ ನಾನು ಬೇರೆಯವರನ್ನ ನೋಡ್ಬೇಕಾಗುತ್ತೆ," ಎಂದರು.

ಪರೀಕ್ಷೆ ಎಂಬ ಮಾತನ್ನು ಅವರು ಆಡಬಾರದಿತ್ತು. ಗಣಿತದಲ್ಲಿ ಮೂರು ಸಲ ಹೋದವನು ನಾನು.

ಗುರುವಾರ ಬೆಳಿಗ್ಗೆ ಚಪ್ಪಲಿ ಹೊರಗೆ ಬಿಟ್ಟು, ಕನ್ನಡಕ ಒರೆಸಿ, ಬಾಗಿಲು ಮುಂದೆ ಮಾಡಿಕೊಂಡು, ಶ್ರೀ ಹಾಕಿ, ಟೈಪ್ ಮಾಡಲು ಶುರು ಮಾಡಿದೆ. ನಾನು ಟೈಪ್ ಮಾಡುವುದು ಒಂದು ಬೆರಳಲ್ಲಿ. ಪ್ರತಿ ಅಕ್ಷರಕ್ಕೂ ಮೊದಲು ಫ್ಯಾಕ್ಸ್ ನೋಡಬೇಕು, ಆಮೇಲೆ ಕೀಲಿ ಹುಡುಕಬೇಕು, ಒತ್ತಬೇಕು, ಪರದೆಯಲ್ಲಿ ಬಂತೇ ನೋಡಬೇಕು. ಅಷ್ಟರಲ್ಲಿ ಫ್ಯಾಕ್ಸಿನಲ್ಲಿ ಎಲ್ಲಿದ್ದೆ ಎಂಬುದು ಮರೆತಿರುತ್ತದೆ. ಊಟಕ್ಕೆ ಮುಂಚೆ ಮೂರು ಸಾಲು, ಊಟದ ಮೇಲೆ ಎಂಟು ಸಾಲು. ನಾಲ್ಕು ಗಂಟೆಗೆ ಮುಗಿಯಿತು. ಫೈಲನ್ನು ಅದರ ಜಾಗದಲ್ಲಿಟ್ಟು ಸಾಫ್ಟ್‌ವೇರ್ ತೆರೆದೆ. ಮಾವನವರು ಬಾಯಿ ಬಿಟ್ಟರು. ಲೈಸೆನ್ಸ್ ಫೈಲನ್ನು ಓದಲು ಆಗುತ್ತಿಲ್ಲ ಎಂದರು. ಅಷ್ಟೇ.

ಫ್ಯಾಕ್ಸಿನ ಅಕ್ಷರಗಳು ಬೇರೆ, ಮಳೆಗೆ ಸಿಕ್ಕಿದ ಪೋಸ್ಟರಿನಂತಿದ್ದವು. ಸೊನ್ನೆಯೋ ಓ ಅಕ್ಷರವೋ, ಎಂಟೋ ಬಿ ಅಕ್ಷರವೋ ದೇವರೇ ಹೇಳಬೇಕು. ಹಾಗಾಗಿ ಶುಕ್ರವಾರ ಹೆಗ್ಡೆ ಸಾಹೇಬರ ಕ್ಯಾಬಿನ್ನಿನಿಂದ ಬೆಂಗಳೂರಿಗೆ ಫೋನು ಹಚ್ಚಿದೆ. ಅತ್ತ ಕಡೆ ಕಿರಣ್ ಎಂಬ ಇಂಜಿನಿಯರು. ಬಹಳ ಒಳ್ಳೆಯ ಮನುಷ್ಯ, ದನಿಯಲ್ಲೇ ಗೊತ್ತಾಗುತ್ತಿತ್ತು.

"ಸರ್, ನಿಮ್ಮ ಫೈಲನ್ನ ಮೊದಲನೇ ಸಾಲಿಂದ ಓದ್ತಾ ಹೋಗಿ. ನನ್ನ ಹತ್ರ ಒರಿಜಿನಲ್ ಇದೆ, ನಾನು ಟಿಕ್ ಮಾಡ್ತಾ ಬರ್ತೀನಿ."

ನಾನು ಓದಿದೆ. ಸರ್ವರ್ ಎಂಬ ಪದದಿಂದ ಶುರು ಮಾಡಿ ಕೊನೆಯ ಅಂಕಿಯವರೆಗೆ ಒಂದೊಂದೇ ಅಕ್ಷರವಾಗಿ, ಬೆಂಗಳೂರಿನ ಬಿ, ಭದ್ರಾವತಿಯ ಬಿ ಎಂದೆಲ್ಲ ಬಿಡಿಸಿ ಓದಿದೆ. ಮುಕ್ಕಾಲು ಗಂಟೆಯಾಯಿತು. ಎಸ್‌ಟಿಡಿ ಕಾಲಿನಲ್ಲಿ ಮುಕ್ಕಾಲು ಗಂಟೆ ನಾನು ಎಬಿಸಿಡಿ ಹೇಳುತ್ತಿರುವುದನ್ನು ಹೆಗ್ಡೆ ಸಾಹೇಬರು ಎದುರಿಗೆ ಕೂತು ಕೇಳಿಸಿಕೊಂಡರು. ಎರಡು ಕಡೆ ಸೊನ್ನೆ ಓ ಆಗಿತ್ತು, ತಿದ್ದಿದೆ. ಆಮೇಲೆ ಓದಿದ ಪ್ರತಿ ಅಕ್ಷರಕ್ಕೂ ಕಿರಣ್ "ಸರಿ ಇದೆ ಸರ್" ಅಂದರು. ಫೋನಿಟ್ಟು ಹೋಗಿ ತೆರೆದರೆ ಮತ್ತೆ ಅದೇ ವಾಕ್ಯ. ಇನ್ನೊಮ್ಮೆ ಫೋನು ಮಾಡಿದೆ.

"ವಿಚಿತ್ರ ಆಯ್ತಲ್ಲ ಸರ್," ಎಂದರು ಕಿರಣ್. "ನೀವು ಓದಿದ್ದರಲ್ಲಿ ಒಂದು ತಪ್ಪೂ ಇಲ್ಲ."

"ಓದಿದ್ದರಲ್ಲಿ ತಪ್ಪಿಲ್ಲ, ಮಷಿನ್ ಮಾತ್ರ ಓದಲ್ಲ ಅನ್ನುತ್ತೆ," ಎಂದು ಹೆಗ್ಡೆ ಸಾಹೇಬರು ಯಾರಿಗೋ ಹೇಳುವಂತೆ ಕಿಟಕಿಗೆ ಹೇಳಿದರು.

ಆ ಸಂಜೆ ಮನೆಗೆ ಬಂದವನ ಮುಖ ನೋಡಿಯೇ ಗಿರಿಜ ಕೇಳಿದಳು, "ಏನ್ರೀ, ಮತ್ತೆ ಆ ಹಾಳು ರೂಮಿಗೆ ಹಾಕ್ತಾರಂತಾ?"

"ಸೋಮವಾರ ಗೊತ್ತಾಗುತ್ತೆ."

"ಹೊಸ ಬೆಡ್‌ಶೀಟ್ ಹಾಕಿದೀನಿ ಈಗ ತಾನೆ. ಮೊದಲೇ ಹೇಳಿದ್ರೆ ತೆಗೀತಿರ್ಲಿಲ್ಲ." ಆಮೇಲೆ, "ಆ ಫೈಲೋ ಏನೋ ಬರೆಯೋವಾಗ ಶ್ರೀ ಹಾಕಿ ಶುರು ಮಾಡಿದ್ರಿ ತಾನೆ?" ಎಂದಳು.

"ಹಾಕದೆ ಇರ್ತೀನಾ ಮಾರಾಯ್ತಿ. ಯಾವತ್ತು ಬಿಟ್ಟಿದೀನಿ?"

"ಹಂಗಾದ್ರೆ ನಿಮ್ಮ ಕಡೆಯಿಂದ ತಪ್ಪಿಲ್ಲ ಬಿಡಿ," ಎಂದು ಅವಳು ಕಾಫಿ ತರಲು ಹೋದಳು. ನನಗೂ ಎಷ್ಟೋ ಸಮಾಧಾನವಾಯಿತು.

ಶನಿವಾರ ಅರ್ಧ ದಿನ. ತಲೆ ಕೈಬಿಟ್ಟಾಗ ಕೈಯನ್ನೇ ನಂಬಬೇಕು ಎಂದು ನಾನು ಹಳೇ ಟ್ರೇಸರ್ ಆದೆ. ನನ್ನ ಫೈಲನ್ನು ಪ್ರಿಂಟು ತೆಗೆದೆ. ಫ್ಯಾಕ್ಸನ್ನು ಜೆರಾಕ್ಸ್ ಮಷಿನ್ನಿನಲ್ಲಿ ಸ್ವಲ್ಪ ಹಿಗ್ಗಿಸಿ ಎರಡರ ಅಕ್ಷರವನ್ನೂ ಒಂದೇ ಗಾತ್ರಕ್ಕೆ ತಂದೆ. ಕೆಳಗೆ ಟ್ಯೂಬ್‌ಲೈಟ್ ಇರುವ ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟೆ. ತಪ್ಪು ಎಲ್ಲಿದ್ದರೂ ಅಲ್ಲಿ ಎರಡು ಅಕ್ಷರ ಒಂದರ ಮೇಲೊಂದು ಬಿದ್ದು ಕಪ್ಪಾಗಿ ಕಾಣಲೇಬೇಕು. ಇದು ನನ್ನ ಇಪ್ಪತ್ತು ವರ್ಷದ ವಿದ್ಯೆ. ಇಟ್ಟು ನೋಡಿದರೆ ಎಲ್ಲ ಸಾಲೂ ಕಪ್ಪು. ನನ್ನ ಪ್ರಿಂಟು ಒಂದು ಸಾಲು ಕೆಳಗಿತ್ತು. ಪ್ರಿಂಟರು ಹಾಳೆಯನ್ನು ಸರಿಯಾಗಿ ಎಳೆದುಕೊಂಡಿಲ್ಲ ಎಂದುಕೊಂಡು ಪ್ರಿಂಟನ್ನು ಒಂದು ಸಾಲು ಮೇಲಕ್ಕೆ ಸರಿಸಿದೆ. ಆಹಾ, ಎಷ್ಟು ಚೆನ್ನಾಗಿ ಕೂತಿತು. ಹನ್ನೊಂದು ಸಾಲಿಗೆ ಹನ್ನೊಂದು ಸಾಲು. ಒಂದೇ ಒಂದು ಅಕ್ಷರ ಆಚೀಚೆ ಇಲ್ಲ. ನನ್ನ ಮೇಲಿನ ಸಾಲು ಫ್ಯಾಕ್ಸಿನಲ್ಲಿ ಡೀಲರ ಹೆಸರು ಅಚ್ಚಾಗಿದ್ದ ಜಾಗದ ಮೇಲೆ ಹೋಗಿ ಕೂತಿತ್ತು. ಅಲ್ಲಿ ಕಪ್ಪಾಗಿದ್ದರೆ ಅದು ಡೀಲರ ಹೆಸರಿನ ಕಪ್ಪು.

ಹೆಗ್ಡೆ ಸಾಹೇಬರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ಭೂತಗನ್ನಡಿ ಹಿಡಿದು ನೋಡಿದರು. ಅವರಿಗೂ ತಪ್ಪು ಕಾಣಲಿಲ್ಲ. "ಹಾಗಾದ್ರೆ ಮಷಿನ್ನೇ ಕೆಟ್ಟಿರಬೇಕು. ಸೋಮವಾರ ಬೇರೆ ವ್ಯವಸ್ಥೆ ಮಾಡ್ತೀನಿ. ನೀವು ಅಮೋನಿಯಾ ರೂಮಿನ ಬೀಗದ ಕೈ ಇಸ್ಕೊಂಡಿರಿ," ಎಂದು ಹೇಳಿ ಹೋದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಬೀಗದ ಕೈ ಇರುವುದು ಟೈಪಿಸ್ಟ್ ಸೆಲ್ವಿಯ ಮೇಜಿನ ಡ್ರಾಯರಿನಲ್ಲಿ. ಸೆಲ್ವಿ ಭದ್ರಾವತಿಯಲ್ಲೇ ಹುಟ್ಟಿ ಬೆಳೆದ ತಮಿಳರ ಹೆಣ್ಣುಮಗಳು, ನಮ್ಮ ಆಫೀಸಿನಲ್ಲಿ ಹತ್ತು ಬೆರಳಿನಿಂದ ಟೈಪ್ ಮಾಡುವ ಏಕೈಕ ಪ್ರಾಣಿ. ನಾನು ಕೀ ಕೇಳಿ ನಿಂತಿದ್ದಾಗ ನನ್ನ ಕೈಯಲ್ಲಿದ್ದ ಎರಡು ಹಾಳೆಗಳನ್ನು ಈಸಿಕೊಂಡಳು. ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು, ಎಡಗೈ ಬೆರಳು ಅದರ ಮೇಲೆ, ಬಲಗೈ ಬೆರಳು ಇದರ ಮೇಲೆ. ಎರಡು ಸೆಕೆಂಡೂ ಆಗಿರಲಿಕ್ಕಿಲ್ಲ.

"ರುದ್ರಪ್ಪ ಸಾರ್, ಬೇಜಾರ್ ಮಾಡ್ಕೋಬೇಡಿ. ಇದು ಕಾಪಿಲಿ ಇಲ್ವಲ್ಲ."

"ಯಾವುದಮ್ಮ?"

"ಮೇಲ್ಗಡೆ ಇದು."

"ಅದು ಶ್ರೀ ಕಣಮ್ಮ."

"ಶ್ರೀ ಅಂತ ಗೊತ್ತು ಸಾರ್. ನಮ್ಮಪ್ಪನೂ ಪಿಳ್ಳೆಯಾರ್ ಸುಳಿ ಹಾಕ್ದೆ ಒಂದು ಪೋಸ್ಟ್ ಕಾರ್ಡ್ ಬರೆಯಲ್ಲ. ಗಣಪತಿದು, ಒಂದು ಸುಳಿ. ಆದ್ರೆ ಕಾಪಿಲಿ ಇದ್ಯಾ? ಕಾಪಿಲಿ ಇಲ್ದೆ ಇರೋದನ್ನ ನಾನು ಟೈಪ್ ಮಾಡಿದ್ರೆ ಸಾಹೇಬ್ರು ಹಾಳೆ ಹರಿದು ಹಾಕ್ತಾರೆ."

ನಾನು ಹಾಳೆಯನ್ನು ನೋಡಿದೆ. ಮೊದಲ ಸಾಲಿನಲ್ಲಿ, ನಡುಮಧ್ಯದಲ್ಲಿ, ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ, ಎರಡು ದಿನದಿಂದ ಶ್ರೀ ಕೂತಿತ್ತು. ನಾನು ನೋಡಿದ್ದೆ, ಹೆಗ್ಡೆ ಸಾಹೇಬರು ಭೂತಗನ್ನಡಿಯಲ್ಲಿ ನೋಡಿದ್ದರು. ಇಬ್ಬರಿಗೂ ಕಂಡಿರಲಿಲ್ಲ. ಹೇಗೆ ಕಂಡೀತು ಹೇಳಿ. ಹಾಳೆ ಎಂದ ಮೇಲೆ ಮೇಲುಗಡೆ ಅದು ಇದ್ದೇ ಇರುತ್ತದೆ. ಮದುವೆ ಕಾಗದವನ್ನು ಓದಿ ಹೇಳು ಎಂದರೆ ಯಾರೂ ಮೇಲಿನ ಶ್ರೀಯಿಂದ ಶುರು ಮಾಡುವುದಿಲ್ಲ, ವರ ಯಾರು ವಧು ಯಾರು ಎಂದು ಶುರು ಮಾಡುತ್ತೇವೆ. ನಾನು ಕಿರಣ್‌ಗೆ ಫೋನಿನಲ್ಲಿ ಓದಿದ್ದೂ ಹಾಗೆಯೇ. ಮೊದಲನೇ ಸಾಲಿಂದ ಓದಿ ಎಂದರು, ನಾನು ವಿಷಯದಿಂದ ಓದಿದೆ.

ಇದಕ್ಕೆ ಕಾರಣ ಶಿವಮೊಗ್ಗದ ಸಂಜೆ ಶಾಲೆ. ಮೊದಲ ಸಲ ಗಣಿತದಲ್ಲಿ ಹೋದಾಗ ನಮ್ಮ ಮೇಷ್ಟ್ರು, "ಶ್ರೀ ಹಾಕಿದ್ದೆಯೇನೋ?" ಎಂದು ಕೇಳಿದ್ದರು. ಹಾಕಿರಲಿಲ್ಲ. ಎರಡನೇ ಸಲ ಹಾಕಿದೆ, ಆದರೂ ಹೋದೆ. ಆಗ ಮೇಷ್ಟ್ರು, ಅಡಿಷನಲ್ ಶೀಟಿಗೂ ಹಾಕಬೇಕು ಎಂದರು. ಮೂರನೇ ಸಲ ಅಡಿಷನಲ್ ಶೀಟಿಗೂ ಹಾಕಿದೆ. ಆ ಸಲವೂ ಹೋದದ್ದು ಯಾಕೆಂದು ಮೇಷ್ಟ್ರಿಗೂ ಹೊಳೆಯಲಿಲ್ಲ. ನಾಲ್ಕನೇ ಸಲ ಪ್ರತಿ ಪುಟಕ್ಕೂ ಹಾಕಿ ಮೂವತ್ತೈದಕ್ಕೆ ಮೂವತ್ತೈದು ತೆಗೆದು ಪಾಸಾದೆ. ಅಂದಿನಿಂದ ದಿನಸಿ ಚೀಟಿಗೂ ಶ್ರೀ ಇಲ್ಲದೆ ನಾನು ಬರೆದವನಲ್ಲ. ಆ ಗುರುವಾರ ಇಡೀ ದಿನದಲ್ಲಿ ಕೀಲಿ ಹುಡುಕದೆ, ಕಣ್ಣೆತ್ತಿ ನೋಡದೆ ಟೈಪ್ ಮಾಡಿದ್ದು ಬಹುಶಃ ಆ ನಾಲ್ಕು ಅಕ್ಷರ ಮಾತ್ರ.

ಬೆಂಗಳೂರಿಗೆ ಫೋನು ಮಾಡಿದೆ. ಕಿರಣ್ ಇನ್ನೂ ಆಫೀಸಿನಲ್ಲಿದ್ದರು. ವಿಷಯ ಹೇಳಿದೆ. ಆ ಕಡೆ ಒಂದೆರಡು ಸಲ ಕೆಮ್ಮು ಕೇಳಿಸಿತು. ನಗುವನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದರು ಎಂದು ಈಗ ಅನ್ನಿಸುತ್ತದೆ.

"ಅದನ್ನ ತೆಗೆದುಬಿಡಿ ಸರ್. ಆ ಪ್ರೋಗ್ರಾಂಗೆ ಮೊದಲನೇ ಪದ ಗೊತ್ತಾಗ್ಲಿಲ್ಲ ಅಂದ್ರೆ ಮುಂದಕ್ಕೆ ಓದೋದೇ ಇಲ್ಲ."

ತೆಗೆಯಬೇಕು ಎಂದರೆ ಬೆರಳು ಮುಂದೆ ಹೋಗುತ್ತಿಲ್ಲ. ಬರೆಯದೆ ಇರುವುದು ಬೇರೆ, ಬರೆದದ್ದನ್ನು ಅಳಿಸುವುದು ಬೇರೆ. ಅದೂ ಶ್ರೀಯನ್ನು. "ತೆಗೀದೆ ಏನಾದ್ರೂ ಮಾಡಕ್ಕಾಗುತ್ತಾ ಸ್ವಾಮಿ?" ಎಂದು ಕೇಳಿದೆ.

"ಹಾಗಾದ್ರೆ ಆ ಸಾಲಿನ ಮುಂದೆ ಒಂದು ಹ್ಯಾಷ್ ಗುರುತು ಹಾಕಿ. ಎರಡು ಅಡ್ಡಗೆರೆ, ಎರಡು ಉದ್ದಗೆರೆ ಇರುತ್ತಲ್ಲ, ಅದು. ಹ್ಯಾಷ್ ಇರೋ ಸಾಲನ್ನ ಮಷಿನ್ ಓದಲ್ಲ, ದಾಟಿಕೊಂಡು ಹೋಗುತ್ತೆ."

"ಓದದೆ ಇದ್ರೆ ಹಾಕಿ ಏನ್ ಬಂತು?"

"ಮಷಿನ್ ಓದಲ್ಲ ಸರ್. ಓದಬೇಕಾದವರು ಓದ್ಕೋತಾರೆ ಬಿಡಿ."

ನನ್ನ ಸೇವಾವಧಿಯಲ್ಲಿ ತಾಂತ್ರಿಕ ವಿಭಾಗದವರೊಬ್ಬರು ಇಷ್ಟು ಸಮಾಧಾನವಾಗುವ ಮಾತು ಹೇಳಿದ್ದು ಇದೊಂದೇ. ಸೆಲ್ವಿ ಪಕ್ಕದಲ್ಲಿ ನಿಂತು ಹ್ಯಾಷ್ ಎಲ್ಲಿದೆ ಎಂದು ತೋರಿಸಿದಳು. ಹಾಕಿದೆ. ಒಳಗಿನ ವಾಚ್‌ಮನ್ನನ್ನು ಎಬ್ಬಿಸಿ ಮತ್ತೆ ಕೂರಿಸಿದೆ. ಸಾಫ್ಟ್‌ವೇರ್ ತೆರೆಯಲು ಹೇಳಿದೆ. ಮಾವನವರು ಏನೂ ಹೇಳಲಿಲ್ಲ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಎಲ್ಲ ಸರಿಹೋಯಿತು ಎಂದು ನನಗೆ ಆಗಲೇ ಗೊತ್ತಾಯಿತು. ಆಮೇಲೆ ನಿಧಾನವಾಗಿ ರೋಲರಿನ ನಕ್ಷೆ ಪರದೆಯ ತುಂಬ ಬಿಡಿಸಿಕೊಂಡಿತು.

"ಬೀಗದ ಕೈ ಬೇಕಾ ಸಾರ್?" ಎಂದಳು ಸೆಲ್ವಿ.

"ಇನ್ನೂ ಒಳಗೆ ಹಾಕಮ್ಮ. ತಳಕ್ಕೆ ಹಾಕು."

ಸೋಮವಾರ ನಕ್ಷೆ ಅಚ್ಚಿನ ವಿಭಾಗಕ್ಕೆ ಹೋಯಿತು. ಹೆಗ್ಡೆ ಸಾಹೇಬರು ಖುಷಿಯಾಗಿದ್ದರು, ಆದರೂ ಬಿಡಲಿಲ್ಲ. "ಮೂರು ದಿನ ಮಷಿನ್ ನಿಂತಿದ್ದಕ್ಕೆ ಕಾರಣ ಬರೆದು ಕೊಡಿ ರುದ್ರಪ್ಪ. ನಿಮ್ಮ ಆರ್ಡರಿಗೆ ಸೈನ್ ಹಾಕೋ ಮೊದಲು ನನಗೆ ಪೂರ್ತಿ ಗೊತ್ತಿರಬೇಕು," ಎಂದರು. ಸುಳ್ಳು ಬರೆಯಬಹುದಿತ್ತು. ತಪ್ಪನ್ನು ಫ್ಯಾಕ್ಸಿನ ಮೇಲೆ ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ಶ್ರೀಯ ವಿಷಯದಲ್ಲಿ ಸುಳ್ಳು ಹೇಳಿ ನಾನೆಲ್ಲಿಗೆ ಹೋಗಲಿ. ಒಳ್ಳೆಯ ಬಿಳಿ ಹಾಳೆ ತೆಗೆದುಕೊಂಡು ದುಂಡಗೆ ಬರೆದೆ. ಲೈಸೆನ್ಸ್ ಫೈಲಿನ ಮೇಲುಭಾಗದಲ್ಲಿ ಮೂಲ ಪ್ರತಿಯಲ್ಲಿ ಇಲ್ಲದ ಒಂದು ಪದವನ್ನು ನಾನು ಅಭ್ಯಾಸಬಲದಿಂದ ಸೇರಿಸಿದ್ದೇ ಕಾರಣವೆಂದೂ, ಇನ್ನು ಮುಂದೆ ಯಾವುದೇ ಕಚೇರಿ ಬರಹದಲ್ಲಿ ಹಾಗೆ ಸೇರಿಸುವುದಿಲ್ಲವೆಂದೂ, ಈ ಬಾರಿ ಮನ್ನಿಸಬೇಕೆಂದೂ ಬರೆದು ಸಹಿ ಹಾಕಿದೆ.

ಸಾಹೇಬರು ಓದಿದರು. ಕೆಂಪು ಪೆನ್ನು ತೆಗೆದರು. ಅವರು ಹಾಳೆಯ ಮೇಲುತುದಿಯಲ್ಲಿ, ನಡುಮಧ್ಯದಲ್ಲಿ, ಒಂದು ಸಣ್ಣ ವೃತ್ತ ಎಳೆದರು. ಆ ಹಾಳೆಯನ್ನು ನನ್ನ ಕಡೆ ತಿರುಗಿಸಿಟ್ಟು, ಪಕ್ಕದಲ್ಲಿದ್ದ ನನ್ನ ಆರ್ಡರಿಗೆ ಅದೇ ಕೆಂಪು ಪೆನ್ನಿನಲ್ಲಿ ಸೈನ್ ಹಾಕಿದರು. ವೃತ್ತದೊಳಗೆ ಏನಿತ್ತು ಎಂದು ನಾನು ಮತ್ತೆ ಹೇಳಬೇಕಿಲ್ಲ. ಬರೆದದ್ದು ನಾನಲ್ಲ, ಕೈ.

ಈ ಪ್ರಬಂಧವನ್ನೂ ಅದೇ ಕೈಯಿಂದ, ಅದೇ ಒಂದು ಬೆರಳಿನಿಂದ ಟೈಪ್ ಮಾಡಿದ್ದೇನೆ. ಮೇಲ್ಗಡೆ ಶ್ರೀ ಕಾಣಿಸದಿದ್ದರೆ ನಾನು ಸುಧಾರಿಸಿದೆ ಎಂದು ತಿಳಿಯಬೇಡಿ. ಮುಂದೆ ಒಂದು ಹ್ಯಾಷ್ ಹಾಕಿದ್ದೇನೆ.